ಮಾಂಸದ ರಕ್ಷಣೆಗೆ ಸಾಂಬಾರ ಲೇಪನ



ಕಾಫಿ ಮತ್ತು ಅಡಿಕೆ ತೋಟಗಳಲ್ಲಿ ಉಪಬೆಳೆಯಾಗಿ ಬರುವ ಕರಿಮೆಣಸು, ಲವಂಗ, ದಾಲ್ಚಿನ್ನಿಗಳು ಅಡುಗೆಯ ರುಚಿಗೆ ಮಾತ್ರ ಸೀಮಿತವಲ್ಲ. ಸಾಸೇಜ್, ಹ್ಯಾಮ್ ಮುಂತಾದ ಸಂಸ್ಕರಿತ ಮಾಂಸಗಳು ಕೆಡದಂತೆ ಅವುಗಳ ಮೇಲೆ ಸಸ್ಯಜನ್ಯ ಲೇಪನ ಕೊಡುವ ವಿಷಯದಲ್ಲಿ ಹಲವು ದೇಶಗಳಲ್ಲಿ ಸಂಶೋಧನೆ ನಡೆದಿದೆ. ಈ ಲೇಪನ ಹೇಗೆ ಕೆಲಸ ಮಾಡುತ್ತದೆ, ಅದರ ಮಿತಿ ಯಾವುದು, ಅದರಲ್ಲಿ ಬೆಳೆಗಾರನ ಹೊಣೆ ಎಷ್ಟು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ನಮ್ಮ ಹಿಂದಿನ ಪದ್ಧತಿಗಳು

ಯಾದಗಿರಿ ಜಿಲ್ಲೆಯ ಶಿರವಾಳದಂತಹ ಬಯಲುಸೀಮೆಯ ಊರುಗಳಲ್ಲಿ ಬೇಸಿಗೆಯ ಬಿಸಿಲು ಪ್ರಖರ, ಗಾಳಿ ಒಣ. ಬಯಲುಸೀಮೆಯಲ್ಲಿ ಮಾಂಸವನ್ನು ಉದ್ದನೆಯ ಎಳೆಗಳಾಗಿ ಕೊಯ್ದು, ಉಪ್ಪು, ಅರಿಸಿನ, ಖಾರ ಸವರಿ, ಹಗ್ಗಕ್ಕೆ ಹಾಕಿ ಒಣಗಿಸಿ ಉಪ್ಪುಕಂಡ ಮಾಡುವ ವಾಡಿಕೆಯುಂಟು. ಜಡಿಮಳೆಯ ಕೊಡಗಿನಲ್ಲಿ ಬಿಸಿಲನ್ನು ನಂಬುವಂತಿಲ್ಲ. ಅಲ್ಲಿ ಮಾಂಸವನ್ನು ಒಲೆಯ ಮೇಲೆ ಹೊಗೆಗೆ ತೂಗಿ ಒಣಗಿಸುತ್ತಾರೆ. ಹಂದಿಮಾಂಸದ ಅಡುಗೆಗೆ ಕಾಚಂಪುಳಿ ಹಾಕುತ್ತಾರೆ. ಮಲೆನಾಡಿನಲ್ಲಿ ಉಪ್ಪಾಗೆ ಎಂದು ಕರೆಯುವ ಹಣ್ಣಿನ ರಸವನ್ನು ಕಾಯಿಸಿ ಬತ್ತಿಸಿದಾಗ ದೊರೆಯುವ ಕಪ್ಪನೆಯ ಹುಳಿಯೇ ಇದು.

ಎರಡು ಸೀಮೆಗಳ ಪದ್ಧತಿ ಬೇರೆಯಾದರೂ ತತ್ತ್ವ ಒಂದೇ. ಸೂಕ್ಷ್ಮಾಣುಜೀವಿಗಳು ಬೆಳೆಯಲು ತೇವ ಬೇಕು. ಹುಳಿ ಹೆಚ್ಚಾದಲ್ಲಿ ಅವುಗಳ ಬೆಳವಣಿಗೆ ಕುಂಠಿತವಾಗುತ್ತದೆ. ಉಪ್ಪು, ಬಿಸಿಲು, ಹೊಗೆ, ಹುಳಿ ಇವೇ ಮುಖ್ಯ ಕಾವಲುಗಾರರು. ಅರಿಸಿನ, ಮೆಣಸು ಸಹಾಯಕರು ಮಾತ್ರ.

2. ಲೇಪನದ ಕೆಲಸ

ಕಾರ್ಖಾನೆಯಲ್ಲಿ ಚೆನ್ನಾಗಿ ಬೆಂದ ಸಾಸೇಜಿನಲ್ಲಿ ರೋಗಾಣುಗಳು ಸತ್ತಿರುತ್ತವೆ. ಆದರೆ ಅನಂತರ ಕತ್ತರಿಸುವಾಗ, ಕಟ್ಟುವಾಗ ಕೈಯಿಂದಲೋ ಯಂತ್ರದಿಂದಲೋ ಹೊಸ ರೋಗಾಣುಗಳು ಅದರ ಮೇಲ್ಮೈಗೆ ಸೇರಬಹುದು. ಇವುಗಳಲ್ಲಿ ಲಿಸ್ಟೀರಿಯಾ ಎಂಬುದು ಶೀತಪೆಟ್ಟಿಗೆಯ ತಂಪಿನಲ್ಲಿಯೂ ಬೆಳೆಯಬಲ್ಲದು. ದಕ್ಷಿಣ ಆಫ್ರಿಕದಲ್ಲಿ 2017-18ರಲ್ಲಿ ಪೊಲೊನಿ ಎಂಬ ಸಿದ್ಧ ಮಾಂಸದ ಮೂಲಕ ಇದು ಹರಡಿ, ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಇನ್ನೂರಕ್ಕೂ ಹೆಚ್ಚು ಜನ ಮೃತಪಟ್ಟರು.

ಅಪಾಯ ಮೇಲ್ಮೈಯಲ್ಲಿರುವುದರಿಂದ ರಕ್ಷಣೆಯನ್ನೂ ಮೇಲ್ಮೈಯಲ್ಲಿಯೇ ಒದಗಿಸುವುದು ಲೇಪನದ ಉದ್ದೇಶ. ಪಿಷ್ಟ ಅಥವಾ ಕಡಲಪಾಚಿಯಿಂದ ತೆಗೆದ ಅಂಟಿನ ದ್ರಾವಣಕ್ಕೆ ಲವಂಗ, ದಾಲ್ಚಿನ್ನಿ ಮುಂತಾದವುಗಳ ತೈಲ ಬೆರೆಸಿ, ಮಾಂಸವನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಆರಿದಾಗ ತಿನ್ನಲು ಬರುವ ತೆಳು ಪೊರೆ ಉಳಿಯುತ್ತದೆ. ತೈಲವನ್ನು ಹಾಗೆಯೇ ಸವರಿದರೆ ಬೇಗ ಆವಿಯಾಗುತ್ತದೆ. ಪೊರೆಯಲ್ಲಿದ್ದರೆ ನಿಧಾನವಾಗಿ ಹೊರಬರುತ್ತದೆ. ಲವಂಗದ ತೈಲದಲ್ಲಿ ಹೆಚ್ಚಿನ ಪಾಲು ಇರುವ ಯೂಜಿನಾಲ್ ಎಂಬ ವಸ್ತು ರೋಗಾಣುವಿನ ಹೊರಪೊರೆಯನ್ನು ಕೆಡಿಸುತ್ತದೆ.

3. ಲೇಪನದ ಮಿತಿ

ಪ್ರಯೋಗಶಾಲೆಯ ಗಾಜಿನ ನಳಿಕೆಯಲ್ಲಿ ಅಲ್ಪ ಪ್ರಮಾಣದ ತೈಲ ಸಾಕಾದರೂ ಮಾಂಸದಲ್ಲಿ ಹಲವು ಪಟ್ಟು ಹೆಚ್ಚು ಬೇಕಾಗುತ್ತದೆ. ಏಕೆಂದರೆ ಮಾಂಸದ ಕೊಬ್ಬು ತೈಲವನ್ನು ಹೀರಿಕೊಳ್ಳುತ್ತದೆ. ಅಷ್ಟು ತೈಲ ಹಾಕಿದರೆ ಘಾಟು ಹೆಚ್ಚಿ ತಿನ್ನಲಾಗದು. ಅಲ್ಲದೆ ಸಾಲ್ಮೊನೆಲ್ಲಾ, ಇ. ಕೋಲಿಯಂತಹ ರೋಗಾಣುಗಳಿಗೆ ಇನ್ನೊಂದು ಹೊರಕವಚವಿರುವುದರಿಂದ ಅವು ಸುಲಭವಾಗಿ ಮಣಿಯುವುದಿಲ್ಲ. ಆದ್ದರಿಂದ ಲೇಪನವು ಬೇಲಿಗೆ ಸೇರಿಸಿದ ಇನ್ನೊಂದು ಗೂಟವೇ ಹೊರತು ಬೇಲಿಯೇ ಅಲ್ಲ.

4. ಲೇಪನವೇ ರೋಗ ತಂದ ಪ್ರಸಂಗ

ಸಲಾಮಿ ಎಂಬುದು ಹುದುಗು ಬರಿಸಿ ಒಣಗಿಸಿದ, ಮತ್ತೆ ಬೇಯಿಸದೆ ತಿನ್ನುವ ಮಾಂಸ. ಅಮೆರಿಕದಲ್ಲಿ 2009-10ರಲ್ಲಿ ಸಲಾಮಿಗೆ ಬಳಸಿದ ಕರಿಮೆಣಸು ಹಾಗೂ ಕೆಂಪು ಮೆಣಸಿನಲ್ಲಿ ಸಾಲ್ಮೊನೆಲ್ಲಾ ಸೇರಿಕೊಂಡಿತ್ತು. 44 ರಾಜ್ಯಗಳಲ್ಲಿ ಹರಡಿ 272 ಜನರಿಗೆ ಕಾಯಿಲೆ ತಗುಲಿತು. ಒಣಗಿದ ಮೆಣಸಿನಲ್ಲಿ ಈ ರೋಗಾಣು ಬೆಳೆಯದಿದ್ದರೂ ಬಹುಕಾಲ ಜೀವದಿಂದ ಇರಬಲ್ಲದು. ಮೆಣಸು ರೋಗಾಣುನಾಶಕವೆಂದು ನಂಬಿ ಅದರ ಶುಚಿತ್ವವನ್ನು ಕಡೆಗಣಿಸಿದರೆ ಕಾವಲುಗಾರನೇ ಕಳ್ಳನಾದಂತೆ. ಮಾಂಸದ ಸುರಕ್ಷತೆ ನಮ್ಮ ಕಣದಲ್ಲಿಯೇ ಆರಂಭವಾಗುತ್ತದೆ ಎಂಬುದನ್ನು ಬೆಳೆಗಾರರು ಇದರಿಂದ ಅರಿಯಬೇಕು.

5. ಕಣದಲ್ಲಿ ಅನುಸರಿಸಬೇಕಾದ ಕ್ರಮಗಳು

(ಅ) ಬಿಡಿಸಿದ ಹಸಿ ಮೆಣಸನ್ನು ಬಿದಿರು ಬುಟ್ಟಿಯಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಕೊಳೆ, ರೋಗಾಣು ಕಡಿಮೆಯಾಗುತ್ತವೆ. ಬೇಗ ಒಣಗಿ ಬಣ್ಣ ಸಮನಾಗಿ ಬರುತ್ತದೆ.

(ಆ) ಬರಿನೆಲದ ಮೇಲಾಗಲಿ, ಸಗಣಿ ಸಾರಿಸಿದ ಕಣದಲ್ಲಾಗಲಿ ಹರಡಬೇಡಿ. ತೊಳೆದ ಸಿಮೆಂಟ್ ಕಣ, ಚಾಪೆ ಅಥವಾ ಶುಚಿಯಾದ ಟಾರ್ಪಾಲು ಬಳಸಿರಿ. ಕುದಿನೀರಿನಿಂದ ಬಂದ ಶುದ್ಧಿ ಕೊಳಕು ನೆಲದಲ್ಲಿ ಹೋಗಿಬಿಡುತ್ತದೆ.

(ಇ) ಕೋಳಿ, ನಾಯಿ, ದನಕರುಗಳು ಕಣಕ್ಕೆ ಬಾರದಂತೆ ಬಲೆ ಕಟ್ಟಿರಿ. ಮೆಣಸು ಬಾಚುವವರು ಕೈಕಾಲು ತೊಳೆದು ಕಣಕ್ಕೆ ಇಳಿಯತಕ್ಕದ್ದು.

(ಈ) ತೇವಾಂಶ ಶೇಕಡಾ 10-11ಕ್ಕೆ ಇಳಿಯುವವರೆಗೆ ಒಣಗಿಸಿ, ಹೊಸ ಚೀಲದಲ್ಲಿ ತುಂಬಿಡಿ. ಗೊಬ್ಬರದ ಹಳೆ ಚೀಲ ಖಂಡಿತ ಬೇಡ.

6. ಮನೆಯಲ್ಲಿ ಮಾಂಸ ಒಣಗಿಸುವವರಿಗೆ

ಎಳೆಗಳನ್ನು ಮೊದಲು ಕುದಿಯುವ ಉಪ್ಪುನೀರಿನಲ್ಲಿ ಬೇಯಿಸಿ ಅನಂತರ ಒಣಗಿಸುವುದು ಕ್ಷೇಮ. ಮಾಂಸದ ಒಳಭಾಗ 71 ಡಿಗ್ರಿ ಸೆಂಟಿಗ್ರೇಡ್, ಕೋಳಿಮಾಂಸವಾದರೆ 74 ಡಿಗ್ರಿ ತಲುಪಬೇಕು. ಮಸಾಲೆಯನ್ನು ಬೇಯಿಸುವ ಮೊದಲೇ ಹಚ್ಚಿರಿ. ಆಗ ಮಸಾಲೆಯಲ್ಲಿರುವ ರೋಗಾಣುವೂ ಸಾಯುತ್ತದೆ. ಹಸಿಮಾಂಸ ಕೊಯ್ದ ಕತ್ತಿ, ಮಣೆಗಳನ್ನು ತೊಳೆಯದೆ ಬೆಂದದ್ದಕ್ಕೆ ಬಳಸಬಾರದು. ಮೋಡ ಕವಿದು ಮಾಂಸ ಅರೆ ಒಣಗಿದರೆ ಅರಿಸಿನವನ್ನು ನಂಬಿ ಹೊರಗಿಡದೆ ಶೀತಪೆಟ್ಟಿಗೆಗೆ ಸೇರಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಬಸುರಿಯರಿಗೆ, ಎಳೆಯ ಮಕ್ಕಳಿಗೆ, ವೃದ್ಧರಿಗೆ ಇಂತಹ ಮಾಂಸವನ್ನು ಪುನಃ ಚೆನ್ನಾಗಿ ಬೇಯಿಸಿಯೇ ಬಡಿಸತಕ್ಕದ್ದು. ಲಿಸ್ಟೀರಿಯಾದ ಹೊಡೆತ ಇವರಿಗೇ ಹೆಚ್ಚು.

ಅಭ್ಯಾಸದ ಪ್ರಶ್ನೆಗಳು

1. ಉಪ್ಪುಕಂಡದಲ್ಲಿ ಮಾಂಸವನ್ನು ಮುಖ್ಯವಾಗಿ ಕಾಯುವುದು ಯಾವುದು?
2. ಬೆಂದ ಸಾಸೇಜಿಗೆ ಲೇಪನ ಏಕೆ ಬೇಕಾಗುತ್ತದೆ?
3. ನಿಮ್ಮ ಕಣದಲ್ಲಿ ಮೆಣಸಿಗೆ ಕೊಳೆ ಸೇರುವ ದಾರಿಗಳು ಎಷ್ಟಿವೆ? ಮುಂದಿನ ಕೊಯ್ಲಿಗೆ ಮೊದಲು ಪಟ್ಟಿ ಮಾಡಿರಿ.