ಇಂಗ್ಲಿಷಿನ 'ಎ', 'ಆ್ಯನ್' ಉಪಪದಗಳು: ಆಗಮವೋ ಲೋಪವೋ?

ಇಂಗ್ಲಿಷಿನ ಅನಿರ್ದಿಷ್ಟ ಉಪಪದ 'ಎ', ಸ್ವರ ಪರವಾದಾಗ ನಕಾರಾಗಮ ಹೊಂದಿ 'ಆ್ಯನ್' ಆಗುತ್ತದೆಂದು ಬೋಧಿಸುವುದು ರೂಢಿ. ಚಾರಿತ್ರಿಕವಾಗಿ ಈ ವಿವರಣೆ ತಲೆಕೆಳಗಾದುದು. ಇಲ್ಲಿ ನಡೆದಿರುವುದು ಆಗಮವಲ್ಲ, ಲೋಪ.

ಪ್ರಾಚೀನ ಇಂಗ್ಲಿಷಿನಲ್ಲಿ 'ಒಂದು' ಎಂಬರ್ಥದ 'ಆನ್' ಎಂಬ ಸಂಖ್ಯಾವಾಚಕವಿತ್ತು. ಒತ್ತು ಉಳಿದೆಡೆ ಅದು ಇಂದಿನ 'ವನ್' ಆಯಿತು. ಒತ್ತು ಕಳೆದುಕೊಂಡೆಡೆ ಹ್ರಸ್ವಗೊಂಡು 'ಆ್ಯನ್' ಎಂಬ ಉಪಪದವಾಯಿತು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ವ್ಯಂಜನ ಪರವಾದಾಗ ಇದರ ನಕಾರ ಲೋಪಿಸಿ 'ಎ' ಉಳಿಯಿತು. ಸ್ವರದ ಮುಂದೆ ಮೂಲರೂಪವೇ ನಿಂತಿತು. ಈ ನಕಾರದಿಂದ ಪದಸೀಮೆಯೂ ಕದಲಿತು: 'ಎ ನ್ಯಾಪ್ರನ್' ಎಂಬುದನ್ನು 'ಆ್ಯನ್ ಏಪ್ರನ್' ಎಂದು ಬಿಡಿಸಿಕೊಂಡದ್ದರಿಂದ 'ಏಪ್ರನ್' ಎಂಬ ಹೊಸ ರೂಪ ಹುಟ್ಟಿತು.

ಕನ್ನಡದಲ್ಲಿಯೂ ಸಂಖ್ಯಾವಾಚಕವು ಅನಿರ್ದಿಷ್ಟತೆಯನ್ನು ಸೂಚಿಸಬಲ್ಲುದು: 'ಒಂದೂರಿನಲ್ಲಿ ಒಬ್ಬ ರಾಜನಿದ್ದ'. ಆದರೆ ಇಲ್ಲಿ ಅದು ಲಿಂಗಭೇದವನ್ನು ಉಳಿಸಿಕೊಂಡಿದೆ, ಕಡ್ಡಾಯವೂ ಅಲ್ಲ. 'ಅವಳು ವೈದ್ಯೆ' ಎಂಬಲ್ಲಿ ಇಂಗ್ಲಿಷಿಗೆ ಉಪಪದ ಬೇಕು, ಕನ್ನಡಕ್ಕೆ ಬೇಡ. ಎರಡೂ ಭಾಷೆಗಳಲ್ಲಿ ಮೂಲ ಸಂಖ್ಯಾವಾಚಕವೇ ಆದರೂ ಇಂಗ್ಲಿಷಿನಲ್ಲಿ ಅದು ವ್ಯಾಕರಣದ ನಿಯಮವಾಗಿದೆ, ಕನ್ನಡದಲ್ಲಿ ವಕ್ತೃವಿನ ಆಯ್ಕೆಯಾಗಿಯೇ ಉಳಿದಿದೆ. ಆದುದರಿಂದ ಅನುವಾದದಲ್ಲಿ ಪ್ರತಿಯೊಂದು 'ಎ'ಗೂ 'ಒಂದು' ಇರಿಸುವುದು ಕನ್ನಡದ ಜಾಯಮಾನಕ್ಕೆ ಒಗ್ಗದು.