ಮುಚ್ಚಿಟ್ಟ ಪ್ರೀತಿ, ಮುಚ್ಚಿಟ್ಟ ಭಯ: ಸಿನಿಮಾ ಅಳೆಯಲು ಏಳು ಸೂತ್ರಗಳು

ಯುದ್ಧದ ಸಿನಿಮಾ ನೋಡಿ ಕಣ್ಣೊರೆಸಿಕೊಂಡರೆ ‘ಅದ್ಭುತ ಅಭಿನಯ’ ಅನ್ನುತ್ತೇವೆ. ರೊಮ್ಯಾಂಟಿಕ್ ಕಾಮಿಡಿ ನೋಡಿ ನಕ್ಕರೆ ‘ಟೈಂಪಾಸ್’ ಅಂದುಬಿಡುತ್ತೇವೆ. ಇದು ಅನ್ಯಾಯ. ಪ್ರೀತಿಗೆ ಬಿದ್ದವರು ಪ್ರೀತಿಯನ್ನು ಮುಚ್ಚಿಡುತ್ತಾರೆ, ಯುದ್ಧಕ್ಕೆ ಹೋದವರು ಭಯವನ್ನು. ಎರಡೂ ಕಡೆ ನಟರಿಗೆ ಪರೀಕ್ಷೆ ಒಂದೇ: ಮುಚ್ಚಿಟ್ಟದ್ದು ಎದುರಿನ ಪಾತ್ರಕ್ಕೆ ಕಾಣಬಾರದು, ನಮಗೆ ಕಾಣಬೇಕು. ವಿಮರ್ಶೆ ಬರೆಯುವವರು, ಫಿಲ್ಮ್ ಸೊಸೈಟಿಗಳಲ್ಲಿ ಚರ್ಚೆ ನಡೆಸುವವರು ಈ ಸೂತ್ರಗಳನ್ನು ಪ್ರಯೋಗಿಸಿ ನೋಡಿ.

1. ಮುಖ ಬಿಡಿ, ಕೈ ನೋಡಿ. ‘ಸೇವಿಂಗ್ ಪ್ರೈವೇಟ್ ರಯಾನ್’ (1998) ಎಂದೊಡನೆ ನೆನಪಾಗುವುದು ಓಮಾಹಾ ಕಡಲತೀರದ ಸುಮಾರು 25 ನಿಮಿಷಗಳ ರಕ್ತಪಾತ. ಅದು ಸ್ಪೀಲ್‌ಬರ್ಗ್ ಮತ್ತು ಅವರ ಛಾಯಾಗ್ರಾಹಕ, ಸಂಕಲನಕಾರರ ಗೆಲುವು. ಟಾಮ್ ಹ್ಯಾಂಕ್ಸ್ ಅಭಿನಯ ಇರುವುದು ದಡ ಮುಟ್ಟುವ ಮೊದಲು ದೋಣಿಯಲ್ಲಿ ನಡುಗುವ ಕೈಯಲ್ಲಿ. ಮುಂದೆ ತಂಡ ಒಡೆಯುವ ಹಂತ ಬರುತ್ತದೆ. ಒಬ್ಬ ಬಿಟ್ಟುಹೋಗುತ್ತೇನೆ ಅನ್ನುತ್ತಾನೆ, ಇನ್ನೊಬ್ಬ ಅವನತ್ತ ಪಿಸ್ತೂಲು ಹಿಡಿಯುತ್ತಾನೆ. ಹ್ಯಾಂಕ್ಸ್ ನಟಿಸಿದ ಕ್ಯಾಪ್ಟನ್ ಮಿಲ್ಲರ್ ಊರಲ್ಲಿ ಏನು ಕೆಲಸ ಮಾಡುತ್ತಿದ್ದ ಎಂದು ಸೈನಿಕರು ಬಾಜಿ ಕಟ್ಟಿಕೊಂಡಿರುತ್ತಾರೆ. ಅವನು ಆಗ ಬಾಯಿಬಿಡುತ್ತಾನೆ: ತಾನೊಬ್ಬ ಶಾಲಾ ಮೇಷ್ಟ್ರು. ಹ್ಯಾಂಕ್ಸ್ ದನಿ ಏರಿಸುವುದಿಲ್ಲ, ಜಗಳ ತಾನಾಗಿ ತಣ್ಣಗಾಗುತ್ತದೆ.

2. ಮಾತಾಡುವವರಿಗಿಂತ ಕೇಳಿಸಿಕೊಳ್ಳುವವರನ್ನು ಗಮನಿಸಿ. ಕುಬ್ರಿಕ್ ಅವರ ‘ಪಾತ್ಸ್ ಆಫ್ ಗ್ಲೋರಿ’ (1957) ಮೊದಲ ಮಹಾಯುದ್ಧದ ಫ್ರೆಂಚ್ ಸೇನೆಯ ಕಥೆ. ಕೊನೆಯಲ್ಲಿ ಸೆರೆಸಿಕ್ಕ ಜರ್ಮನ್ ಹುಡುಗಿಯೊಬ್ಬಳನ್ನು ಸೈನಿಕರ ಮುಂದೆ ಹಾಡಲು ನಿಲ್ಲಿಸುತ್ತಾರೆ. ಮೊದಲು ಗೇಲಿ, ಶಿಳ್ಳೆ. ಹಾಡು ಸಾಗಿದಂತೆ ಗದ್ದಲ ಅಡಗುತ್ತದೆ, ಅವರೂ ಗುನುಗತೊಡಗುತ್ತಾರೆ. ಹೊರಗೆ ನಿಂತು ಕೇಳುತ್ತಿರುವ ಕರ್ನಲ್ ಪಾತ್ರದ ಕರ್ಕ್ ಡಗ್ಲಸ್‌ಗೆ ಅಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ಇವರನ್ನೆಲ್ಲ ಮತ್ತೆ ರಣರಂಗಕ್ಕೆ ಕಳಿಸಬೇಕೆಂಬ ಆದೇಶ ಬಂದಾಗ, ಇನ್ನೊಂದಿಷ್ಟು ಹೊತ್ತು ಬಿಡಿ ಅನ್ನುತ್ತಾನೆ. ಇಡೀ ಚಿತ್ರದಲ್ಲಿ ಡಗ್ಲಸ್ ಅವರ ಅತ್ಯುತ್ತಮ ಅಭಿನಯ ಇದೇ.

3. ಒಂದು ಸಣ್ಣ ವಸ್ತು ಕಥೆ ಹೇಳುತ್ತದೆಯೇ? ಬಿಲ್ಲಿ ವೈಲ್ಡರ್ ಅವರ ‘ದಿ ಅಪಾರ್ಟ್‌ಮೆಂಟ್’ನಲ್ಲಿ (1960) ಗುಮಾಸ್ತ ಬ್ಯಾಕ್ಸ್‌ಟರ್ ಬಡ್ತಿಯ ಆಸೆಗೆ ತನ್ನ ಮನೆಯ ಬೀಗದಕೈಯನ್ನು ಮೇಲಧಿಕಾರಿಗಳ ಕಳ್ಳ ಪ್ರಣಯಕ್ಕೆ ಕೊಡುತ್ತಾನೆ. ಒಮ್ಮೆ ಮನೆಯಲ್ಲಿ ಯಾರೋ ಬಿಟ್ಟುಹೋದ, ಗಾಜು ಒಡೆದ ಪುಟ್ಟ ಕೈಗನ್ನಡಿ ಸಿಗುತ್ತದೆ, ಬಾಸ್‌ಗೆ ಹಿಂದಿರುಗಿಸುತ್ತಾನೆ. ಕ್ರಿಸ್‌ಮಸ್ ಪಾರ್ಟಿಯ ದಿನ ಹೊಸ ಟೋಪಿ ಹಾಕಿಕೊಂಡು ಹಿಗ್ಗಿನಲ್ಲಿದ್ದಾನೆ. ಮನಸ್ಸಿನಲ್ಲೇ ಮೆಚ್ಚಿಕೊಂಡ ಲಿಫ್ಟ್ ಹುಡುಗಿ ಫ್ರಾನ್, ನೋಡಿಕೋ ಎಂದು ತನ್ನ ಕನ್ನಡಿ ಕೊಡುತ್ತಾಳೆ. ಅದೇ ಒಡೆದ ಕನ್ನಡಿ. ಸೀಳಿದ ಗಾಜಿನಲ್ಲಿ, ಗುಮಾಸ್ತನ ಪಾತ್ರದ ಜ್ಯಾಕ್ ಲೆಮನ್ ಮುಖ ಎರಡಾಗಿ ಕಾಣುತ್ತದೆ. ಬಾಸ್ ಜೊತೆಗಿದ್ದವಳು ಇವಳೇ ಎಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ. ನಗು ಮಾಸಿದ್ದನ್ನು ಅವಳಿಂದ ಮರೆಮಾಚಲು ಲೆಮನ್ ಪಡುವ ಪಾಡು ನೋಡಿ. ನಟನೆ, ಚಿತ್ರಕಥೆ, ಕ್ಯಾಮೆರಾ ಮೂರೂ ಒಂದೇ ಶಾಟ್‌ನಲ್ಲಿ ಕೂಡಿದ ಇಂಥ ಜಾಗ ಸಿಕ್ಕರೆ ಪೂರ್ತಿ ಅಂಕ ಕೊಡಿ.

4. ಪ್ರೇಮಿಗಳ ನಡುವಿನ ಅಡ್ಡಿ ನಿಜವೇ? ಒಂದು ಫೋನ್ ಮಾಡಿದ್ದರೆ ಬಗೆಹರಿಯುತ್ತಿದ್ದ ತಪ್ಪು ತಿಳಿವಳಿಕೆಯನ್ನು ಎರಡು ಗಂಟೆ ಎಳೆದರೆ ಅಂಕ ಕಳೆಯಿರಿ. ‘ರೋಮನ್ ಹಾಲಿಡೇ’ಯಲ್ಲಿ (1953) ರಾಜಕುಮಾರಿ ಮತ್ತು ಪತ್ರಕರ್ತನ ನಡುವಿನ ಅಡ್ಡಿಯನ್ನು ಯಾರೂ ಸರಿಸಲಾರರು. ಕೊನೆಯ ಪತ್ರಿಕಾಗೋಷ್ಠಿಯಲ್ಲಿ ಆಡ್ರಿ ಹೆಪ್‌ಬರ್ನ್ ಎಲ್ಲರ ಎದುರೇ, ಕೈಕುಲುಕುವ ಶಿಷ್ಟಾಚಾರದಲ್ಲೇ ವಿದಾಯ ಹೇಳಬೇಕು. ಆ ವರ್ಷದ ಶ್ರೇಷ್ಠ ನಟಿ ಆಸ್ಕರ್ ಅವರದು.

5. ಧಾಟಿ ಬದಲಾಗುವ ಜಾಗ ಹಿಡಿಯಿರಿ. ಬೆನಿಗ್ನಿಯ ‘ಲೈಫ್ ಈಸ್ ಬ್ಯೂಟಿಫುಲ್’ (1997) ಅರ್ಧ ಪ್ರಣಯ ಹಾಸ್ಯ, ಉಳಿದರ್ಧ ನಾಜಿ ಶಿಬಿರ. ಶಿಬಿರದ ಕ್ರೌರ್ಯವನ್ನು ಕಥೆ ತೆಳುವಾಗಿಸಿತು ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಬೆನ್ನಿಗೆ ಬಂದೂಕು ಇರುವಾಗ, ಅಡಗಿರುವ ಮಗ ನೋಡುತ್ತಿದ್ದಾನೆಂದು ಕಣ್ಣು ಮಿಟುಕಿಸಿ, ಕೋಡಂಗಿಯಂತೆ ಕವಾಯತು ಹೆಜ್ಜೆ ಹಾಕುವ ತಂದೆಯಾಗಿ ಬೆನಿಗ್ನಿಯ ಅಭಿನಯಕ್ಕೆ ತಕರಾರಿಲ್ಲ. ಮೊದಲರ್ಧದ ಅದೇ ವಿದೂಷಕ ಅವನು. ಧಾಟಿ ಬದಲಾದರೂ ಪಾತ್ರ ಬದಲಾಗಿಲ್ಲ.

6. ಪಾತ್ರದ ಉದ್ದ ಎಣಿಸಬೇಡಿ. ‘ಶೇಕ್ಸ್‌ಪಿಯರ್ ಇನ್ ಲವ್’ನಲ್ಲಿ ರಾಣಿ ಎಲಿಜಬೆತ್ ಆಗಿ ಜೂಡಿ ಡೆಂಚ್ ಕಾಣಿಸುವುದು ಕೆಲವೇ ನಿಮಿಷ. ಪೋಷಕ ನಟಿ ಆಸ್ಕರ್ ಬಂತು, ನ್ಯಾಯವಾಗಿಯೇ.

7. ನಟನೆಗೊಂದು ಅಂಕ, ಕಥನಕ್ಕೊಂದು ಅಂಕ. 1999ರ ಆಸ್ಕರ್‌ನಲ್ಲಿ ಪ್ರಣಯ ಹಾಸ್ಯವೂ ಯುದ್ಧವೂ ಮುಖಾಮುಖಿಯಾದವು. ಸ್ಪೀಲ್‌ಬರ್ಗ್ ನಿರ್ದೇಶಕ ಪ್ರಶಸ್ತಿ ಪಡೆದರು, ಶ್ರೇಷ್ಠ ಚಿತ್ರ ‘ಶೇಕ್ಸ್‌ಪಿಯರ್ ಇನ್ ಲವ್’ ಆಯಿತು, ನಟ ಪ್ರಶಸ್ತಿ ಬೆನಿಗ್ನಿಗೆ ಹೋಯಿತು. ಯುದ್ಧಚಿತ್ರಕ್ಕೆ ಮೋಸವಾಯಿತು ಎಂದು ಇಂದಿಗೂ ದೂರುವವರಿದ್ದಾರೆ. ನಟನೆ, ಕಥನ ಎರಡನ್ನೂ ಬಿಡಿಸಿ ನೋಡಿ. ‘ರಯಾನ್’ ಆದಿ ಅಂತ್ಯಗಳಲ್ಲಿರುವ ಸಮಾಧಿಭೂಮಿಯ ದೃಶ್ಯಗಳು ನಮ್ಮಿಂದ ಕಣ್ಣೀರನ್ನು ಕೇಳಿ ಪಡೆಯುತ್ತವೆ. ಇನ್ನೊಂದರಲ್ಲಿ ಪ್ರೇಮಿಗಳ ಒಂದೊಂದು ಭೇಟಿಯೂ ‘ರೋಮಿಯೊ ಜೂಲಿಯೆಟ್’ನ ದೃಶ್ಯವಾಗಿ ಬೆಳೆದು, ಅವರ ಅಗಲಿಕೆ ‘ಟ್ವೆಲ್ಫ್ತ್ ನೈಟ್’ಗೆ ಬೀಜವಾಗುತ್ತದೆ, ಒಂದು ಎಳೆಯೂ ವ್ಯರ್ಥವಾಗಿಲ್ಲ. ನನ್ನ ತೀರ್ಪು: ಕಥನಕ್ಕೆ ‘ಶೇಕ್ಸ್‌ಪಿಯರ್ ಇನ್ ಲವ್’, ನಟನೆಗೆ ಟಾಮ್ ಹ್ಯಾಂಕ್ಸ್. ಎರಡೂ ಚಿತ್ರಗಳನ್ನು ಒಂದೇ ವಾರದಲ್ಲಿ ನೋಡಿ, ನಿಮ್ಮ ಅಂಕ ಬರೆದಿಡಿ.