ಇಥನಾಲ್ ಬೆರೆತ ಪೆಟ್ರೋಲಿನಿಂದ ಮೋಟಾರು ಗಾಡಿಯನ್ನು ನಡೆಸುವ ಕ್ರಮ

ಕಳೆದ ಮಳೆಗಾಲದ ಕೊನೆಯಲ್ಲಿ ನಾನು ಗೊಳಸಂಗಿಗೆ ಹೋಗಿದ್ದಾಗ ಜಮೀನುದಾರರೊಬ್ಬರು ತಮ್ಮ ಹಳೆಯ ಕಾರನ್ನು ತೋರಿಸಿ, ಕಬ್ಬಿನ ಸಾರಾಯಿ ಕುಡಿಸಿ ಇದನ್ನು ಕೆಡಿಸಿದರೆಂದು ದೂರಿದರು. ವಿಚಾರಿಸಲಾಗಿ, ಗಾಡಿಯು ಎರಡು ತಿಂಗಳು ಬಯಲಿನಲ್ಲಿ ನಿಂತಿತ್ತೆಂದೂ, ಎಣ್ಣೆಯ ಟಾಕಿಯ ಮುಚ್ಚಳದ ರಬ್ಬರು ಹರಿದಿತ್ತೆಂದೂ ತಿಳಿದುಬಂದಿತು. ಟಾಕಿಯ ತಳದಿಂದ ಸ್ವಲ್ಪ ಇಳಿಸಿ ಗಾಜಿನ ಸೀಸೆಯಲ್ಲಿಟ್ಟು ನೋಡಲು, ಅದರಲ್ಲಿ ಎರಡು ಪದರಗಳು ಸ್ಪಷ್ಟವಾಗಿ ಕಂಡವು. ಇಂತಹ ದೂರುಗಳು ಇತರ ಗ್ರಾಮಗಳಿಂದಲೂ ಬರುತ್ತಿರುವುದರಿಂದ ಊರ ಹಿರಿಯರೂ ಜಮೀನುದಾರರೂ ಈ ವಿಷಯವನ್ನು ಸರಿಯಾಗಿ ಅರಿತಿರುವುದು ಅವಶ್ಯವಾಗಿದೆ.

ಮದ್ಯಸಾರದಿಂದ ಯಂತ್ರ ನಡೆಸುವ ವಿಚಾರವು ನಮ್ಮ ನಾಡಿಗೆ ಹೊಸದಲ್ಲ. 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ಕಾಕಂಬಿಯಿಂದ ಮದ್ಯಸಾರವನ್ನು ಇಳಿಸುತ್ತಿತ್ತು. 1948ರಲ್ಲಿ ಭಾರತ ಸರ್ಕಾರವು ಪವರ್ ಆಲ್ಕೋಹಾಲ್ ಕಾಯಿದೆಯನ್ನೇ ಮಾಡಿತು. ಬಳಿಕ ಬಹುಕಾಲ ಈ ಮಾತು ಹಿಂದೆ ಬಿದ್ದು, 2003ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಶೇಕಡಾ 5ರ ಮಿಶ್ರಣವು ಆರಂಭವಾಯಿತು. 2022ರಲ್ಲಿ ಶೇಕಡಾ 10 ಆಯಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡಾ 20ರ ಮಿಶ್ರಣದ ಮಾರಾಟವನ್ನು ಪ್ರಾರಂಭಿಸಲಾಯಿತು. 2025ರ ವೇಳೆಗೆ ಅದೇ ಸಾಮಾನ್ಯವಾಯಿತು.

ಇನ್ನು ಗುಣದೋಷಗಳ ವಿಚಾರ. ಒಂದು ಲೀಟರು ಇಥನಾಲಿನಲ್ಲಿರುವ ಶಾಖವು ಪೆಟ್ರೋಲಿನ ಶಾಖದ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಆದುದರಿಂದ ಶೇಕಡಾ 20ರ ಮಿಶ್ರಣದಲ್ಲಿ ಶಾಖವು ಶೇಕಡಾ 6-7ರಷ್ಟು ಕಡಿಮೆಯಾಗುವುದು. ಬರೀ ಪೆಟ್ರೋಲಿನಿಂದ ಲೀಟರಿಗೆ 15 ಕಿಲೋಮೀಟರು ಓಡುತ್ತಿದ್ದ ಹಳೆಯ ಗಾಡಿಯು 14 ಓಡಿದರೆ ಆಶ್ಚರ್ಯಪಡಬೇಕಾದುದಿಲ್ಲ. ಈ ಮಿಶ್ರಣಕ್ಕೆಂದೇ ಹೊಂದಿಸಿದ ಹೊಸ ಯಂತ್ರಗಳಲ್ಲಿ ನಷ್ಟವು ಇನ್ನೂ ಅಲ್ಪ. ಏಕೆಂದರೆ ಇಥನಾಲಿಗೆ ಬಡಿತವಿಲ್ಲದೆ ಉರಿಯುವ ಗುಣವು ಹೆಚ್ಚಾಗಿದ್ದು, ಅದರ ಲಾಭವನ್ನು ಅಂತಹ ಯಂತ್ರವು ಪಡೆಯಬಲ್ಲುದು. ನಷ್ಟವೇ ಇಲ್ಲವೆನ್ನುವವರ ಮಾತನ್ನೂ, ಯಂತ್ರವೇ ಸುಟ್ಟುಹೋಗುವುದೆನ್ನುವವರ ಮಾತನ್ನೂ ನಾನು ಒಪ್ಪಲಾರೆ.

ನಿಜವಾದ ಶತ್ರು ನೀರು. ಪೆಟ್ರೋಲು ನೀರಿನೊಡನೆ ಬೆರೆಯದು. ಇಥನಾಲು ಬೆರೆಯುವುದಲ್ಲದೆ ಗಾಳಿಯ ತೇವವನ್ನೂ ಹೀರುವುದು. ನೀರು ಸ್ವಲ್ಪವಿದ್ದರೆ ಕರಗಿಯೇ ಇರುತ್ತದೆ. ಮಿತಿ ಮೀರಿದೊಡನೆ ಇಥನಾಲು ಪೆಟ್ರೋಲನ್ನು ಬಿಟ್ಟು ನೀರಿನೊಡನೆ ತಳಕ್ಕೆ ಇಳಿಯುತ್ತದೆ. ಯಂತ್ರವು ಎಣ್ಣೆಯನ್ನು ಎಳೆಯುವುದೂ ತಳದಿಂದಲೇ. ಗೊಳಸಂಗಿಯ ಗಾಡಿಗೆ ಆದದ್ದು ಇದೇ. ಟಾಕಿಯನ್ನು ಬರಿದು ಮಾಡಿ ತೊಳೆದು ಹೊಸ ಎಣ್ಣೆ ಹಾಕಿದ ಮೇಲೆ ಅದು ನಡೆಯಿತು.

ಮಿಶ್ರಣವನ್ನು ಮನೆಯಲ್ಲಿಯೇ ಸ್ಥೂಲವಾಗಿ ಪರೀಕ್ಷಿಸಬಹುದು. ಉದ್ದವಾದ ಗಾಜಿನ ಅಳತೆಗೊಳವೆಯಲ್ಲಿ 10 ಪಾಲು ನೀರು ಹಾಕಿ, ಮೇಲೆ 100 ಪಾಲು ಪೆಟ್ರೋಲು ಸುರಿದು, ಬಾಯಿ ಮುಚ್ಚಿ ಅಲುಗಾಡಿಸಿ ಸ್ವಲ್ಪ ಹೊತ್ತು ಇಡತಕ್ಕದ್ದು. ಶೇಕಡಾ 20 ಇಥನಾಲು ಇದ್ದಲ್ಲಿ ಕೆಳಗಿನ ಪದರವು ಬೆಳೆದು ಹೆಚ್ಚುಕಡಿಮೆ 30 ಪಾಲಿಗೆ ಬರುವುದು. ಬೀಡಿ, ದೀಪ, ಒಲೆ ಯಾವುದೂ ಹತ್ತಿರ ಇರಕೂಡದು. ಪರೀಕ್ಷೆಯ ದ್ರವವನ್ನು ತಿರುಗಿ ಟಾಕಿಗೆ ಸುರಿಯಲೂ ಕೂಡದು.

2023ರ ಏಪ್ರಿಲಿನಿಂದ ತಯಾರಾದ ಗಾಡಿಗಳ ಭಾಗಗಳು ಈ ಮಿಶ್ರಣವನ್ನು ತಾಳುವಂತೆ ಮಾಡಲ್ಪಟ್ಟಿವೆ. ಅದಕ್ಕೂ ಹಿಂದಿನವುಗಳಲ್ಲಿ, ವಿಶೇಷವಾಗಿ ಬಹಳ ಹಳೆಯವುಗಳಲ್ಲಿ, ರಬ್ಬರಿನ ಕೊಳವೆಗಳು ಉಬ್ಬಿ ಬಿರಿಯುವುದುಂಟು. ವರ್ಷಕ್ಕೊಮ್ಮೆ ನೋಡಿಸಿ ಬದಲಿಸುವುದು ಲೇಸು. ಟಾಕಿಯ ಹಳೆಯ ಕಿಲುಬನ್ನು ಇಥನಾಲು ಸಡಿಲಿಸುವುದರಿಂದ ಮೊದಮೊದಲು ಸೋಸುಕವು ಕಟ್ಟಿಕೊಳ್ಳಬಹುದು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ನೆರಳಿನಲ್ಲಿ, ಟಾಕಿ ತುಂಬಿಸಿ, ಮುಚ್ಚಳ ಬಿಗಿದು ನಿಲ್ಲಿಸತಕ್ಕದ್ದು. ಔಷಧಿ ಸಿಂಪಡಿಸುವ ಪೆಟ್ರೋಲು ಯಂತ್ರಗಳನ್ನು ಮಾತ್ರ ಹಂಗಾಮು ತೀರಿದೊಡನೆ ಬರಿದು ಮಾಡಿಡಬೇಕು. ಈ ಕೆಲಸದಲ್ಲಿ ನಾನೇ ಒಂದು ವರ್ಷ ಆಲಸ್ಯ ಮಾಡಿ ಒಂದು ಕಾರ್ಬುರೇಟರನ್ನು ಕಳೆದುಕೊಂಡೆನು.

ಬೆಳೆಯ ಮಾತು ಉಳಿಯಿತು. ಒಂದು ಟನ್ನು ಕಬ್ಬಿನ ರಸದಿಂದ ಸುಮಾರು 70 ಲೀಟರು, ಒಂದು ಟನ್ನು ಗೋವಿನಜೋಳದಿಂದ ಸುಮಾರು 380 ಲೀಟರು ಇಥನಾಲು ದೊರೆಯುತ್ತದೆ. ಇದನ್ನು ಕೇಳಿ ಆಲಮಟ್ಟಿಯ ಕಾಲುವೆಯ ನೀರು ಬಂದ ಎರೆಭೂಮಿಯನ್ನೆಲ್ಲ ಕಬ್ಬಿಗೆ ಹಾಕಬೇಕೆಂದು ಕೆಲವರು ಹೊರಟಿರುವರು. ಕಬ್ಬು ವರ್ಷವಿಡೀ ನೀರು ಬೇಡುವ ಬೆಳೆ. ಬಸಿಗಾಲುವೆಯಿಲ್ಲದ ಎರೆಯಲ್ಲಿ ನೀರು ನಿಂತರೆ ಕೆಲವೇ ವರ್ಷಗಳಲ್ಲಿ ಭೂಮಿಯು ಸವುಳಾಗುವುದು. ಬೇಡಿಕೆಯೂ ಸ್ಥಿರವಲ್ಲ: 2023ರ ಡಿಸೆಂಬರಿನಲ್ಲಿ ಸಕ್ಕರೆಯ ಕೊರತೆಯ ಭಯದಿಂದ ಕಬ್ಬಿನ ರಸವನ್ನು ಇಥನಾಲಿಗೆ ಬಳಸುವುದನ್ನು ಕೇಂದ್ರ ಸರ್ಕಾರವು ತಡೆದಿತ್ತು. ಬಸಿಗಾಲುವೆ ತೋಡದೆ ಕಬ್ಬು ನೆಡಬಾರದೆಂದು ನಾನು ಹೋದ ಊರಿನಲ್ಲೆಲ್ಲ ಹೇಳುತ್ತಿರುವೆನು. ಗೊಳಸಂಗಿಯ ಆ ಜಮೀನುದಾರರು ನಾಲ್ಕು ಎಕರೆಯಲ್ಲಿ ಗೋವಿನಜೋಳವನ್ನೂ, ಉಳಿದುದರಲ್ಲಿ ಎಂದಿನಂತೆ ಬಿಳಿಜೋಳ ಕಡಲೆಗಳನ್ನೂ ಬಿತ್ತಿರುವರು.